ಯಾವ ಊರಿನ ಶನಿವಾರ?

ಅಮೆರಿಕದ ದಕ್ಷಿಣದ ರಾಲಿಯಲ್ಲಿ ಕುಳಿತು, ಧ್ರುವದ ಕಡೆಯ ಆಕಾಶದಲ್ಲಿ ಏಳುವ ಉತ್ತರದ ಬೆಳಕು ಯಾವಾಗ ಕಾಣುತ್ತದೆ, ಎಲ್ಲಿ ನಿಂತರೆ ಕಾಣುತ್ತದೆ ಎಂದು ಹೇಳುವುದಕ್ಕೆ ನನಗೆ ಸಂಬಳ ಬರುತ್ತಿತ್ತು. ಬಳ್ಳಾರಿಯಲ್ಲಿ ಸ್ವೆಟರ್ ಅಂಗಡಿ ತೆರೆದವನಿಗೂ ನನಗಿಂತ ಹೆಚ್ಚು ಮರ್ಯಾದೆ; ಅವನ ಬಳಿ ತೋರಿಸಲಿಕ್ಕೆ ಸ್ವೆಟರಾದರೂ ಇರುತ್ತದೆ.

ನಮ್ಮದು ಹವಾಮಾನ ತಿಳಿಸುವ ಆ್ಯಪಿನ ಸಣ್ಣ ಕಂಪನಿ. ಸಾಲು ಅಂಗಡಿಗಳ ತುದಿಯಲ್ಲಿ, ಉಗುರಿಗೆ ಬಣ್ಣ ಹಚ್ಚುವ ಅಂಗಡಿಗೆ ಅಂಟಿಕೊಂಡು ಆಫೀಸು. ನಡುವಿನ ಗೋಡೆ ಎಷ್ಟು ತೆಳುವೆಂದರೆ ಅಲ್ಲಿನ ಬಣ್ಣದ ವಾಸನೆಯಲ್ಲೇ ನಾವು ಕಾಫಿ ಕುಡಿಯಬೇಕಿತ್ತು. ಇವತ್ತಿಗೂ ಎಲ್ಲಾದರೂ ಆ ವಾಸನೆ ಮೂಗಿಗೆ ಬಿದ್ದರೆ, ಸೂರ್ಯನ ಕಡೆಯ ಗಾಳಿಯ ವೇಗ ಈಗೆಷ್ಟಿದೆಯೋ ನೋಡೋಣವೆಂದು ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ.

ಮಳೆ, ಬಿಸಿಲು, ಚಂಡಮಾರುತ ನೋಡಿಕೊಳ್ಳಲು ಬೇರೆಯವರಿದ್ದರು. ಉತ್ತರದ ಬೆಳಕಿನ, ಅಂದರೆ ಅರೋರಾ ಡೆಸ್ಕಿಗೆ ಇಬ್ಬರೇ, ನಮ್ಮ ಲೀಡ್ ಮತ್ತು ನಾನು. ಲೀಡ್ ಮೈಸೂರಿನವರು. ಬಾಸನ್ನೂ ಹೆಸರು ಹಿಡಿದು ಕೂಗುವ ದೇಶದಲ್ಲಿ ನಾನು ಅವರನ್ನು ಮೇಡಂ ಎನ್ನುತ್ತಿದ್ದೆ. ಮೊದಲು ಗೌರವಕ್ಕೆ, ಆಮೇಲೆ ರೇಗಿಸಲಿಕ್ಕೆ, ಕೊನೆಗೆ ಬೇರೆ ಹೆಸರೇ ಬಾಯಿಗೆ ಬರದೆ. ಅವರ ಗಂಡನಿಗೆ ಉತ್ತರ ವರ್ಜೀನಿಯಾದ ಆಶ್‌ಬರ್ನ್‌ನ ಡೇಟಾ ಸೆಂಟರ್ ಒಂದರಲ್ಲಿ ಕೆಲಸ. ವೀಸಾ ನಮ್ಮ ಕಂಪನಿಗೆ ಕಟ್ಟಿಹಾಕಿದ್ದರಿಂದ ಇವರು ರಾಲಿಯಲ್ಲಿ. ಶುಕ್ರವಾರ ಸಂಜೆಯಾದರೆ ನಾಲ್ಕು ಗಂಟೆ ಡ್ರೈವ್ ಮಾಡಿ ಸಂಸಾರಕ್ಕೆ ಹೋಗುವರು, ಭಾನುವಾರ ರಾತ್ರಿ ವಾಪಸು.

ಮಾಲೀಕರು ಪಶ್ಚಿಮದ ಬೆಟ್ಟದ ಕಡೆಯ ಅಮೆರಿಕದವರು, ಹಿಂದೆ ಟೀವಿಯಲ್ಲಿ ಹವಾಮಾನ ಓದುತ್ತಿದ್ದವರು. ಒಂದೊಂದು ಪದವನ್ನೂ ಕಾಕಂಬಿ ಸುರಿದಂತೆ ನಿಧಾನವಾಗಿ ಸುರಿಯುವ ಧ್ವನಿ. ಅದನ್ನು ಅನುಕರಿಸುವುದು ನನ್ನ ಹೆಚ್ಚುವರಿ ಉದ್ಯೋಗ. ಒಮ್ಮೆ ಬೇರೊಂದು ನಂಬರಿನಿಂದ ಮೇಡಂಗೆ ಫೋನ್ ಮಾಡಿ, ಮಾಲೀಕರ ಧ್ವನಿಯಲ್ಲಿ, ನಾಳೆಯಿಂದ ನೀವು ಟೀವಿಯಲ್ಲಿ ಹವಾಮಾನ ಓದಬೇಕು, ಸೀರೆಯಲ್ಲೇ ಬನ್ನಿ ಎಂದು ಅಪ್ಪಣೆ ಕೊಟ್ಟಿದ್ದೆ. ಅವರು ಐದು ನಿಮಿಷ ನಂಬಿದ್ದರು. ಆ ಐದು ನಿಮಿಷದ ಬಡ್ಡಿ ಮುಂದೆ ನಾನೇ ಕಟ್ಟಬೇಕಾಯಿತು.

2024ರ ಮಾರ್ಚ್‌ನ ಒಂದು ಭಾನುವಾರ ನಾನೊಬ್ಬನೇ ಕಾವಲಿದ್ದೆ. ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಪರದೆಯ ಮೇಲೆ ಸೂರ್ಯನ ಗಾಳಿಯನ್ನು ತೋರಿಸುವ ಗೆರೆಗಳೆಲ್ಲ ಒಮ್ಮೆಲೇ ಮೇಲಕ್ಕೆ ಚಿಮ್ಮಿದವು. ನನ್ನ ಕೈ ತಡೆಯಲಿಲ್ಲ. "ಇಂದು ರಾತ್ರಿ! ವರ್ಜೀನಿಯಾ, ಎರಡೂ ಕೆರೊಲಿನಾ! ಬೆಟ್ಟ ಹತ್ತಿ, ಉತ್ತರಕ್ಕೆ ನೋಡಿ!" ಎಂದು ಅಲರ್ಟ್ ಕಳಿಸಿಬಿಟ್ಟೆ. ಸೂರ್ಯನ ಬಿರುಗಾಳಿ ನಮ್ಮ ಹಗಲಿನಲ್ಲೇ ಕುಣಿದು, ಬೆವರು ಒರೆಸಿಕೊಂಡು, ಇಲ್ಲಿ ಸೂರ್ಯ ಮುಳುಗುವ ಮೊದಲೇ ಮನೆಗೆ ಹೋಗಿತ್ತು. ದಕ್ಷಿಣ ಕೆರೊಲಿನಾದ ಫೋರ್ಟ್ ಮಿಲ್‌ನಿಂದ ಮೂರು ಗಂಟೆ ಕಾರು ಓಡಿಸಿ, ಮಕ್ಕಳಿಗೆ ಕಂಬಳಿ ಹೊದಿಸಿ, ಬೆಟ್ಟದ ಮೇಲೆ ಕುಳಿತವರಿಗೆ ಕಂಡದ್ದು ಕತ್ತಲೆ. ಒಬ್ಬರು ಬರೆದರು: "ಪಾರ್ಕಿಂಗ್ ಲಾಟ್ ಬಹಳ ಚೆನ್ನಾಗಿತ್ತು. ಒಂದು ಸ್ಟಾರ್ ಕೊಟ್ಟಿದ್ದೇನೆ. ಅದೂ ಆಕಾಶದಲ್ಲಿ ಕಂಡದ್ದು."

ಸೋಮವಾರ ಮಾಲೀಕರು ಕಾಕಂಬಿ ಸುರಿದರು. ಇನ್ನು ಮುಂದೆ ದಕ್ಷಿಣದ ರಾಜ್ಯಗಳಿಗೆ ಅರೋರಾ ಅಲರ್ಟ್ ಹೋಗಬೇಕಾದರೆ ತನ್ನ ಒಪ್ಪಿಗೆ ಬೇಕು. ಇನ್ನೊಂದು ಸಲ ಹೀಗಾದರೆ ಆ ಡೆಸ್ಕೇ ಇರುವುದಿಲ್ಲ.

ಮೇಡಂ ನನ್ನ ಹೆಸರು ಎತ್ತಲಿಲ್ಲ. ಲೀಡ್ ನಾನು, ತಪ್ಪು ನನ್ನದು ಎಂದು ಎದುರಿಗೇ ಒಪ್ಪಿಕೊಂಡರು. ಹೊರಗೆ ಬಂದ ಮೇಲೆ ನನಗೆ ಹೇಳಿದ್ದು ಒಂದೇ ಮಾತು: "ಡೆಸ್ಕ್ ಹೋದ್ರೆ ನಿನಗೂ ಅರವತ್ತು ದಿನ, ನನಗೂ ಅರವತ್ತು ದಿನ. ಆಮೇಲೆ ಇಬ್ಬರೂ ಗಂಟುಮೂಟೆ ಕಟ್ಟೋದೇ. ನೆನಪಿಟ್ಕೋ." ಕೆಲಸ ಹೋದ ಮೇಲೆ ವೀಸಾದವರು ಈ ದೇಶದಲ್ಲಿ ಉಳಿಯಬಹುದಾದ ಅವಧಿ ಅದು. ಆ ದಿನ ನಾನು ಯಾರ ಧ್ವನಿಯನ್ನೂ ಅನುಕರಿಸಲಿಲ್ಲ.

ನಮ್ಮ ಕೆಲಸದ ಕ್ರಮವನ್ನು ಇಲ್ಲಿ ಹೇಳಿಬಿಡುತ್ತೇನೆ. ಸೂರ್ಯನಲ್ಲಿ ಒಂದು ಸ್ಫೋಟ ಆದಾಗ ಅಲ್ಲಿಂದ ಹೊರಟ ಕಾದ ಅನಿಲದ ಮುದ್ದೆ ಇಲ್ಲಿಗೆ ಬರಲು ಒಂದೂವರೆಯಿಂದ ಮೂರು ದಿನ. ಅಷ್ಟರಲ್ಲಿ ಸರ್ಕಾರಿ ಕೇಂದ್ರದವರು ಮೂರು ಮೂರು ಗಂಟೆಯ ಪಟ್ಟಿ ಹಾಕಿ, ಯಾವ ಹೊತ್ತಿನಲ್ಲಿ ಎಷ್ಟು ಜೋರೆಂದು ಸೊನ್ನೆಯಿಂದ ಒಂಬತ್ತರವರೆಗೆ ಅಂಕ ಕೊಡುತ್ತಾರೆ. ಕೆನಡಾದವರಿಗೆ ಐದು ಬಂದರೂ ಹಬ್ಬ. ನಮ್ಮ ಅಕ್ಷಾಂಶದಲ್ಲಿ ಎಂಟು, ಒಂಬತ್ತು ಬಂದರಷ್ಟೇ ಮಾತು. ಮುದ್ದೆಯ ಸ್ವಭಾವ ನಿಜವಾಗಿ ತಿಳಿಯುವುದು ಭೂಮಿಯಿಂದ ಹದಿನೈದು ಲಕ್ಷ ಕಿಲೋಮೀಟರ್ ಆಚೆ ಇರುವ ಉಪಗ್ರಹವನ್ನು ಅದು ದಾಟಿದಾಗ. ಅದರೊಳಗಿನ ಕಾಂತಶಕ್ತಿ ಉತ್ತರಕ್ಕೆ ಮುಖ ಮಾಡಿದ್ದರೆ ಭೂಮಿ ಬಾಗಿಲು ತೆರೆಯುವುದಿಲ್ಲ. ದಕ್ಷಿಣಕ್ಕೆ ಮಾಡಿದ್ದರೆ ತೆರೆಯುತ್ತದೆ. ಉಪಗ್ರಹದಿಂದ ನಮ್ಮ ತಲೆಯ ಮೇಲಕ್ಕೆ ಬರಲು ಮುಕ್ಕಾಲು ಗಂಟೆಯೂ ಬೇಡ. ಅಷ್ಟರಲ್ಲಿ ಕತ್ತಲಾಗಿರಬೇಕು, ಮೋಡ ಇರಬಾರದು, ಚಂದ್ರ ದಪ್ಪಗಿರಬಾರದು, ಉತ್ತರಕ್ಕೆ ಮರ ಅಡ್ಡ ಬರಬಾರದು. ಹೆಣ್ಣು ನೋಡುವ ಶಾಸ್ತ್ರಕ್ಕೂ ಇಷ್ಟು ಕೂಡಿಬರಬೇಕಿಲ್ಲ.

ಮಾರ್ಚ್‌ನ ಪ್ರಾಯಶ್ಚಿತ್ತಕ್ಕೆಂದು ನಾನೊಂದು ಹೊಸ ಪುಟ ಮಾಡಿದೆ. ಪಟ್ಟಿಯಲ್ಲಿ ಎಂಟು ದಾಟಿದ ದಿನವನ್ನು ತಾನೇ ಹೆಕ್ಕಿ, ಊರು, ತಾರೀಕು, ಎಷ್ಟು ಸಾಧ್ಯತೆ ಎಂದು ಚೊಕ್ಕವಾಗಿ ತೋರಿಸುವ ಪುಟ. ಗಂಟೆಯ ಸಾಲಿನಿಂದ ಪುಟ ಗಿಜಿಗಿಜಿ ಕಾಣುತ್ತಿತ್ತು. ಅದನ್ನು ಕಿತ್ತುಹಾಕಿದೆ. ಮೇಡಂ ನೋಡಿ, "ಪರವಾಗಿಲ್ವೇ, ಮನುಷ್ಯರು ನೋಡೋ ಹಾಗಿದೆ," ಎಂದರು. ನಾನು ಎರಡು ದಿನ ಬೀಗಿದೆ.

ಮೇ ತಿಂಗಳ ಎರಡನೇ ವಾರ ಸೂರ್ಯನ ಮೇಲೊಂದು ಕಲೆಗಳ ಗುಂಪು ಕಾಣಿಸಿಕೊಂಡು ಒಂದರ ಹಿಂದೊಂದು ಮುದ್ದೆ ಎಸೆಯತೊಡಗಿತು. ಹಿಂದಿನದನ್ನು ಮುಂದಿನದು ಅಟ್ಟಿಕೊಂಡು ಬರುತ್ತಿತ್ತು. ಗುರುವಾರದ ಹೊತ್ತಿಗೆ ಸರ್ಕಾರಿ ಕೇಂದ್ರದ ಪಟ್ಟಿಯಲ್ಲಿ ಎಂಟು ಬಂತು. ನನ್ನ ಚೊಕ್ಕ ಪುಟ ಹೇಳಿತು: ಹನ್ನೊಂದು, ಶನಿವಾರ. "ಶನಿವಾರ ರಾತ್ರಿಗೆ ತಯಾರಾಗಿ" ಎಂಬ ಮೇಲ್ ಬರೆದೆವು. ಮಾಲೀಕರು ಅಟ್ಲಾಂಟಾದಲ್ಲಿ ಒಂದು ಸಮ್ಮೇಳನಕ್ಕೆ ಹೋಗಿದ್ದರು. ಅಲ್ಲಿಂದಲೇ ಒಪ್ಪಿಗೆ ಬಂತು. ಶುಕ್ರವಾರ ಸಂಜೆ ನಾಲ್ಕಕ್ಕೆ ಅದು ತಾನಾಗಿ ಹೋಗುವಂತೆ ಇಟ್ಟೆವು.

ಶುಕ್ರವಾರ ನಾನು ಮನೆಯಿಂದ ಕೆಲಸ. ಮನೆಯೆಂದರೆ ರಾಲಿಯ ಪಕ್ಕದ ಕ್ಯಾರಿಯಲ್ಲಿ ಒಬ್ಬ ಅಂಕಲ್ ಅವರ ಮಹಡಿಯ ರೂಮು. ಅಂಕಲ್ ರಸ್ತೆ ಇಲಾಖೆಯಿಂದ ನಿವೃತ್ತರು. ಈಗ ಪ್ರತಿವರ್ಷ ಇಲ್ಲಿನ ಸೂರ್ಯೋದಯಕ್ಕೆ ಲೆಕ್ಕ ಹಾಕಿ ಪಂಚಾಂಗ ತಯಾರಿಸಿ ಸುತ್ತಲಿನ ಕನ್ನಡದ ಮನೆಗಳಿಗೆ ಕಳಿಸುವುದೇ ಅವರ ಉದ್ಯೋಗ. ಊರಿಂದ ತಂದ ಗೋಡೆ ಕ್ಯಾಲೆಂಡರ್ ನೋಡಿ ಇಲ್ಲಿ ಉಪವಾಸ ಮಾಡುವವರೆಂದರೆ ಅವರಿಗೆ ಮೈ ಉರಿಯುತ್ತದೆ. ಎಲ್ಲರೂ ಅಡುಗೆ ತಂದು ಒಟ್ಟಿಗೆ ಉಣ್ಣುವ ಪಾಟ್‌ಲಕ್‌ಗಳಲ್ಲಿ ನಾನು ಹೆಚ್ಚು ಚಪ್ಪಾಳೆ ಗಿಟ್ಟಿಸಿದ್ದೇ ಅವರ ಧ್ವನಿಗೆ: "ಅದು ಬೆಂಗಳೂರಿನ ಏಕಾದಶಿ ಕಣಮ್ಮಾ! ನಿಮ್ಮ ಹೊಟ್ಟೆ ಇರೋದು ಕ್ಯಾರಿಯಲ್ಲಿ!" ಅವರೂ ನಗುತ್ತಿದ್ದರು, ಪಾಪ.

ಅಂದು ಅಕ್ಷಯ ತದಿಗೆ. ಮಧ್ಯಾಹ್ನ ಆಂಟಿ ಪಾಯಸ ಮಾಡಿ ಊಟಕ್ಕೆ ಕರೆದಿದ್ದರು. ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟುಕೊಂಡೇ ಕುಳಿತೆ. ಅನ್ನ ಕಲಸುವಾಗ, ಒಂದು ಗಂಟೆಗೆ ಕಾಲು ಗಂಟೆ ಇರುವಾಗ, ಗೆರೆಗಳು ಚಿಮ್ಮಿದವು. ಮುದ್ದೆ ಬಂದು ತಲುಪಿತ್ತು.

"ಏನಯ್ಯಾ, ಮುಖ ಹಾಗ್ಮಾಡ್ಕೊಂಡೆ? ಉಪ್ಪು ಜಾಸ್ತಿಯಾಯ್ತಾ?" ಅಂಕಲ್ ಕೇಳಿದರು.

"ಅರೋರಾ ಅಂಕಲ್. ನಾಳೆ ರಾತ್ರಿ ಅಂದ್ಕೊಂಡಿದ್ವಿ, ಈಗ್ಲೇ ಬಂದ್ಬಿಡ್ತು. ಶನಿವಾರದ್ದು ಶುಕ್ರವಾರವೇ ಬಂದ್ರೆ..."

"ಶನಿವಾರ ಅಂತ ಯಾರು ಹೇಳಿದ್ದು?"

"ಸರ್ಕಾರದೋರ ಪಟ್ಟಿ. ಹನ್ನೊಂದನೇ ತಾರೀಕು."

"ಯಾವ ಊರಿನ ಹನ್ನೊಂದು?"

ನಾನು ಅಭ್ಯಾಸಬಲದಿಂದ ಅವರ ಧ್ವನಿಯಲ್ಲೇ, "ಬೆಂಗಳೂರಿನ ಹನ್ನೊಂದು ಕಣಪ್ಪಾ!" ಎಂದೆ. ಅವರು ನಗಲಿಲ್ಲ. ಕೈ ತೊಳೆದು ಬಂದು ಕನ್ನಡಕ ಹಾಕಿಕೊಂಡರು.

"ತಮಾಷೆ ಆಮೇಲೆ. ಪಟ್ಟಿ ತೋರ್ಸು. ಗಂಟೆ ಎಲ್ಲಿ?"

ನನ್ನ ಪುಟದಲ್ಲಿ ಗಂಟೆ ಇರಲಿಲ್ಲ. ಮೂಲದ ಪಟ್ಟಿ ತೆರೆದೆ. ಹನ್ನೊಂದು, ಸೊನ್ನೆಯಿಂದ ಮೂರು ಗಂಟೆ, ಜಾಗತಿಕ ಸಮಯ. ಅಂಕಲ್ ಬೆರಳು ಮಡಿಸಿದರು. "ಇದು ಗ್ರೀನಿಚ್ ಲೆಕ್ಕ. ನಮಗೆ ನಾಲ್ಕು ಗಂಟೆ ಕಳಿ. ಅಲ್ಲಿ ಶನಿವಾರ ಹುಟ್ಟೋ ಹೊತ್ತಿಗೆ ನಿನಗೆ ಶುಕ್ರವಾರ ಸಂಜೆ ಎಂಟು. ಎಂಟರಿಂದ ಹನ್ನೊಂದು. ಇವತ್ತು ಕಣಯ್ಯಾ. ನಾಳೆ ಅಲ್ಲ."

ಆಂಟಿ ಪಾಯಸದ ಸೌಟು ಹಿಡಿದು, "ಕ್ಯಾಲೆಂಡರ್ ನೋಡಿ ಉಪವಾಸ ಮಾಡೋರನ್ನ ಆಡ್ಕೋತಿದ್ದೆಯಲ್ಲೋ," ಎಂದರು. ಅವರ ಸೊಸೆಯ ಸೀಮಂತದಲ್ಲೂ ನಾನು ಆ ನಕಲು ಮಾಡಿದ್ದೆ. ಸಾವಿರಾರು ಜನರಿಗೆ ತಪ್ಪು ದಿನದ ಏಕಾದಶಿ ಮಾಡಿಸಲು ಹೊರಟಿದ್ದವನು ನಾನು.

ಮಹಡಿಗೆ ಓಡಿ ಮೇಡಂಗೆ ಫೋನ್ ಮಾಡಿದೆ. ಅವರು ಆಫೀಸಿನಲ್ಲಿದ್ದರು.

"ಮೇಡಂ, ಶನಿವಾರ ಅಲ್ಲ. ಇವತ್ತು. ನಾಲ್ಕು ಗಂಟೆ ಕಳೀಲೇ ಇಲ್ಲ ನಾವು. ನಾವು ಅಂದ್ರೆ ನಾನು."

ಆ ಕಡೆ ಕೀಬೋರ್ಡಿನ ಸದ್ದು. "ನಾನೂ ನೋಡಿ ಓಕೆ ಅಂದೆ," ಎಂದರು. "ಮೇಲ್ ತೆಗ್ದೆ. ಈಗ ಹೇಳು, ಬದಲಿಗೆ ಏನು ಕಳಿಸೋಣ?"

ಅದೇ ಕಷ್ಟ. ಏನೂ ಕಳಿಸದಿದ್ದರೆ ಯಾರೂ ಬೈಯುವುದಿಲ್ಲ. ಡೆಸ್ಕು ಉಳಿಯುತ್ತದೆ, ಕಾಣಬಹುದಾದದ್ದು ಮಾತ್ರ ಯಾರಿಗೂ ಕಾಣುವುದಿಲ್ಲ. "ಇಂದು ರಾತ್ರಿ" ಎಂದು ಕಳಿಸಿ, ಬಿರುಗಾಳಿ ಮಾರ್ಚ್‌ನಂತೆ ಕತ್ತಲಿಗೆ ಮುಂಚೆ ಮುಗಿದರೆ, ಸೋಮವಾರ ಡೆಸ್ಕಿಲ್ಲ. ಮೂರು ಗಂಟೆಯವರೆಗೆ ಎಲ್ಲ ಚೆನ್ನಾಗಿತ್ತು. ಮೂರೂವರೆಗೆ ಕಾಂತದ ಗೆರೆ ಉತ್ತರಕ್ಕೆ ಹೊರಳಿತು. ಬಾಗಿಲು ಬಂದ್.

"ಬಿಟ್ಬಿಡೋಣ ಮೇಡಂ," ಎಂದೆ. ಹೆದರಿಕೊಂಡೇ ಹೇಳಿದ್ದು. "ನೀವು ಆಶ್‌ಬರ್ನ್‌ಗೆ ಹೊರಡಿ. ಯಾರಿಗೂ ಗೊತ್ತಾಗಲ್ಲ."

"ನಮಗೆ ಗೊತ್ತಾಗತ್ತಲ್ಲೋ." ಆ ಕಡೆ ಕುರ್ಚಿ ಎಳೆದುಕೊಂಡ ಸದ್ದು. "ನೋಡು, ಮಾರ್ಚಲ್ಲಿ ಜನಕ್ಕೆ ಸಿಟ್ಟು ಬಂದಿದ್ದು ಕಾಣ್ಲಿಲ್ಲ ಅಂತಲ್ಲ. ಮೂರು ಗಂಟೆ ಡ್ರೈವ್ ಮಾಡ್ಸಿದ್ವಲ್ಲ, ಅದಕ್ಕೆ. ಡ್ರೈವ್ ಮಾಡ್ಸೋದು ಬೇಡ. ಗೊತ್ತಿಲ್ಲ ಅನ್ನೋದನ್ನೇ ಗೊತ್ತಿಲ್ಲ ಅಂತ ಬರಿ."

ನಮ್ಮ ಡೆಸ್ಕ್ ಅಲ್ಲಿಯತನಕ ಬರೆಯದಂಥ ಒಂದು ಮೇಲ್ ಆಗ ತಯಾರಾಯಿತು. ಅವರು ಹೇಳುತ್ತ ಹೋದರು, ನಾನು ಟೈಪ್ ಮಾಡಿದೆ. ಇಂದು ರಾತ್ರಿ ಕಾಣಬಹುದು, ಖಾತ್ರಿಯಿಲ್ಲ. ದೂರ ಹೋಗಬೇಡಿ. ಮನೆಯಿಂದ ಹತ್ತು ನಿಮಿಷದೊಳಗೆ, ಉತ್ತರ ದಿಕ್ಕಿಗೆ ಮರ, ದೀಪ ಅಡ್ಡಬಾರದ ಜಾಗವನ್ನು ಬೆಳಕಿರುವಾಗಲೇ ನೋಡಿಟ್ಟುಕೊಳ್ಳಿ: ಶಾಲೆಯ ಮೈದಾನ, ಕೆರೆಯ ದಕ್ಷಿಣದ ದಡ, ಪಾರ್ಕಿಂಗ್ ಕಟ್ಟಡದ ಮೇಲಂತಸ್ತು. ಒಂಬತ್ತೂ ಕಾಲಿಗೆ ಒಂದೇ ಸಾಲು ಕಳಿಸುತ್ತೇವೆ, "ಹೊರಗೆ ಬನ್ನಿ" ಅಥವಾ "ಮಲಗಿ". ಕೊನೆಯಲ್ಲಿ ಆ್ಯಪಿನ ಹೆಸರಿನ ಬದಲು ತಮ್ಮ ಹೆಸರು ಹಾಕಿಸಿದರು. ಬೇಡವೆಂದೆ. "ನೀನು ಸುಮ್ನಿರು," ಎಂದರು.

ಚಂದ್ರನ ವಿಷಯ ಅಂಕಲ್‌ನ ಕೇಳಿಕೊಂಡು ಬಂದೆ. "ತೆಳ್ಳಗಿದ್ದಾನೆ. ಐದೂ ಚಿಲ್ಲರೆಗೆ ತದಿಗೆ ಮುಗಿದು ಚೌತಿ. ಪಶ್ಚಿಮದಲ್ಲಿರ್ತಾನೆ, ನಿನ್ನ ಉತ್ತರಕ್ಕೆ ತಲೆ ಹಾಕಲ್ಲ," ಎಂದು ಅವರು ಅಭಯ ಕೊಟ್ಟರು.

ಇನ್ನು ಮಾಲೀಕರ ಒಪ್ಪಿಗೆ. ಅವರು ಫೋನ್ ಎತ್ತಲಿಲ್ಲ. ಮೇಡಂ ಎಲ್ಲವನ್ನೂ, ತಪ್ಪು ದಿನದ ಕಥೆಯನ್ನೂ ಸೇರಿಸಿ, ವಾಯ್ಸ್‌ಮೇಲ್‌ನಲ್ಲಿ ಹೇಳಿ ಕಾದರು. ಐದಾಯಿತು. ಐದೂವರೆ. ಆಮೇಲೆ ನನಗೆ ಫೋನ್ ಬಂತು.

"ಲೋ ಕಪಿ! ಇವತ್ತೂ ಬೇಕಿತ್ತಾ ನಿಂಗೆ? ಇಲ್ಲಿ ನನ್ನ ಜೀವ ಬಾಯಿಗೆ ಬಂದಿದೆ!"

"ಏನ್ಮಾಡಿದೆ ಮೇಡಂ?"

"ಯಾವುದೋ ನಂಬರಿಂದ ಅವರ ಥರ ಮಾತಾಡ್ತೀಯಾ? ಸೆಂಡ್ ಇಟ್ ಅಂತೆ! ಮಾರ್ಚ್ ಥರ ಆದ್ರೆ ಸೋಮವಾರ ಡೆಸ್ಕ್ ಕ್ಲೋಸ್ ಅಂತೆ! ಸರಿಯಾಗಿ ಬೈದು ಇಟ್ಟೆ."

"ಮೇಡಂ, ನಮ್ಮಮ್ಮನಾಣೆ, ನಾನಲ್ಲ."

"ಹಾಗಾದ್ರೆ ಅದು ಅವರೇನಾ!" ಎಂದು ಮೇಡಂ ಫೋನ್ ಇಟ್ಟರು.

ಹೋಟೆಲಿನ ನಂಬರಿನಿಂದ ಒಪ್ಪಿಗೆ ಕೊಡಲು ಫೋನ್ ಮಾಡಿದ್ದ ಮಾಲೀಕರಿಗೆ ಮೇಡಂ ಅಪ್ಪಟ ಮೈಸೂರು ಕನ್ನಡದಲ್ಲಿ ಅರ್ಧ ನಿಮಿಷ ಬೈದು ಫೋನ್ ಕುಕ್ಕಿದ್ದರು. ವಾಪಸು ಮಾಡಿ ಕ್ಷಮೆ ಕೇಳಿ, ಅದು ತನಗೇ ಹೇಳಿದ್ದೆಂದು ಆ ಮನುಷ್ಯನಿಗೆ ಗೊತ್ತಾಗದಂತೆ ಏನೋ ವಿವರಿಸಿ, ಒಪ್ಪಿಗೆಯನ್ನು ಮತ್ತೊಮ್ಮೆ ಪಡೆದುಕೊಂಡರು. ಇದರಲ್ಲಿ ಇಪ್ಪತ್ತು ನಿಮಿಷ ಹೋಯಿತು. ಆರಕ್ಕೆ ಮೇಲ್ ಹೊರಟಿತು. ಗೆರೆ ಇನ್ನೂ ಅತ್ತಿತ್ತ ತೂಗಾಡುತ್ತಿತ್ತು.

ಏಳರ ಹೊತ್ತಿಗೆ ಅದು ದಕ್ಷಿಣಕ್ಕೆ ಬಿತ್ತು. ಬಿದ್ದದ್ದು ಏಳಲೇ ಇಲ್ಲ. ಪರದೆಯ ಗೆರೆ ಚೌಕಟ್ಟಿನ ಕೆಳಗೆ ಇಳಿದು ಕಾಣದಾಯಿತು. ಇಷ್ಟು ಕೆಳಕ್ಕೆ ಎಂದೂ ಹೋಗಲಾರದೆಂದು ಚೌಕಟ್ಟಿನ ಅಳತೆ ಇಟ್ಟವನೂ ನಾನೇ.

ನಾನು ಕಾರು ತಂದು ಮೇಡಂನ ಕೂರಿಸಿಕೊಂಡು ಊರಾಚೆಯ ಕೆರೆಯ ದಕ್ಷಿಣದ ದಡಕ್ಕೆ ಹೊರಟೆ. ಅವರ ತೊಡೆಯ ಮೇಲೆ ಲ್ಯಾಪ್‌ಟಾಪ್. ಆಶ್‌ಬರ್ನ್‌ನಿಂದ ಗಂಡನ ಫೋನು: "ಇಲ್ಲಿ ಬರೀ ಮೋಡ ಕಣೇ. ಕಾದು ಪ್ರಯೋಜನ ಇಲ್ಲ." ಮೇಡಂ ವರ್ಜೀನಿಯಾದ ಉತ್ತರ ಭಾಗಕ್ಕೆ "ಮಲಗಿ" ಎಂದು ಗುರುತು ಹಾಕಿದರು. ಗಂಡನ ಹೆಸರು ಆ ಪಟ್ಟಿಯಲ್ಲೇ ಇತ್ತು. ಅವನಿಗೂ ಅದೇ ಸಾಲು ಹೋಯಿತು.

ಎರಡೂ ಕೆರೊಲಿನಾದಲ್ಲಿ ಮೋಡ ಚದುರುತ್ತಿತ್ತು. ಒಂಬತ್ತೂ ಕಾಲಿಗೆ ಅವರ ಬೆರಳು ಗುಂಡಿಯ ಮೇಲೆ ಒಂದು ಕ್ಷಣ ನಿಂತಿತು, ಆಮೇಲೆ ಒತ್ತಿತು. ಹೊರಗೆ ಬನ್ನಿ.

ಹತ್ತು ನಿಮಿಷ ಏನೂ ಇಲ್ಲ. ನಾನು ಕೆರೆಯ ಅಂಚಿನಲ್ಲಿ ನಿಂತೆ. ಉತ್ತರದಲ್ಲಿ ಮಸುಕಾದ ಏನೋ ಇತ್ತು, ಊರಿನ ದೀಪವೋ ಮೋಡವೋ ತಿಳಿಯದ್ದು. ಫೋನನ್ನು ಬೇಲಿಗೆ ಒರಗಿಸಿ ಮೂರು ಸೆಕೆಂಡು ಬೆಳಕು ಹೀರುವ ಫೋಟೊ ತೆಗೆದೆ. ಪರದೆಯ ತುಂಬ ದಾಸವಾಳದ ಕೆಂಪು. ಅಷ್ಟರಲ್ಲಿ ಕಾರಿನೊಳಗಿಂದ ಮೇಡಂ ಕೂಗಿದರು: "ಫೋರ್ಟ್ ಮಿಲ್ ಫೋಟೊ ಬಂತು! ಪೆಟ್ರೋಲ್ ಬಂಕ್ ಮೇಲೆ ಪಿಂಕು! ಇದು ಅದೇನಾ ಅಂತ ಕೇಳ್ತಿದಾರೆ!"

ಆಮೇಲೆ ಫೋಟೊಗಳ ಸುರಿಮಳೆ. ಶಾಲೆಯ ಮೈದಾನ, ಚರ್ಚಿನ ಹಿಂದಿನ ಹುಲ್ಲು, ಆಸ್ಪತ್ರೆಯ ಪಾರ್ಕಿಂಗಿನ ಮೇಲಂತಸ್ತಿನಲ್ಲಿ ಕೆಲಸದ ಬಟ್ಟೆಯಲ್ಲೇ ನಿಂತ ದಾದಿಯರು. ಮೇಡಂ ಒಂದೊಂದಕ್ಕೂ ಊರು, ಸಮಯ ಬರೆದುಕೊಳ್ಳುತ್ತಿದ್ದರು. ಮುಖದ ಮೇಲೆ ಪರದೆಯ ನೀಲಿ ಬೆಳಕು. ಇಡೀ ದಕ್ಷಿಣ ತಲೆಯೆತ್ತಿ ನೋಡುತ್ತಿರುವಾಗ, ಅದನ್ನು ಹೊರಗೆ ಕರೆದವರು ಕಾರಿನೊಳಗೆ ತಲೆ ಬಗ್ಗಿಸಿ ಕುಳಿತಿದ್ದರು.

ಬಾಗಿಲು ತೆರೆದೆ. "ಮೇಡಂ, ಈಚೆಗೆ ಬನ್ನಿ."

"ಇನ್ನೊಂದಿಷ್ಟು ಬರೀಲಿ ಇರು."

ಲ್ಯಾಪ್‌ಟಾಪ್ ನಾನೇ ಮುಚ್ಚಿದೆ. ಬೈದರು, ಇಳಿದರು, ಉತ್ತರಕ್ಕೆ ನೋಡಿದರು. "ಎಲ್ಲಿ? ನಂಗೇನೂ ಕಾಣ್ತಿಲ್ವಲ್ಲೋ."

"ಇಷ್ಟೊತ್ತು ಪರದೆ ನೋಡಿದೀರ. ಕಣ್ಣಿಗೆ ಕತ್ತಲೆ ರೂಢಿಯಾಗ್ಬೇಕು. ಹತ್ತು ನಿಮಿಷ."

ಕಾರಿನ ಮೂತಿಗೆ ಒರಗಿ ನಿಂತೆವು. ಕೆರೆಯಾಚೆ ಕಪ್ಪೆಗಳು. ಆ ಡೆಸ್ಕ್ ಅಲ್ಲಿಂದ ಮುಂದೆ ವರ್ಷದ ಮೇಲೆ ನಡೆಯಿತು. ಆಮೇಲೆ ಕಂಪನಿಯೇ ಇನ್ನೊಬ್ಬರ ಕೈಗೆ ಹೋಗಿ, ಮೇಡಂಗೆ ಆಶ್‌ಬರ್ನ್ ಹತ್ತಿರವೇ ಬೇರೆ ಕೆಲಸ ಸಿಕ್ಕಿತು, ನಾನು ಅಟ್ಲಾಂಟಾ ಸೇರಿದೆ. ಅವರ ಪಕ್ಕದ ಕುರ್ಚಿಯಲ್ಲಿ ಕುಳಿತು ಕಲಿತ ಲೆಕ್ಕಗಳಲ್ಲಿ ಹೆಚ್ಚಿನವು ಈಗ ಉಪಯೋಗಕ್ಕಿಲ್ಲ. ಮನಸ್ಸು ಮತ್ತೆ ಮತ್ತೆ ಹೋಗುವುದು ಆ ಹತ್ತು ನಿಮಿಷಕ್ಕೆ.

"ಹಾಂ," ಎಂದರು ಮೇಡಂ, ಬಹಳ ಮೆಲ್ಲಗೆ. ಮಸುಕಿನ ನಡುವಿನಿಂದ ಬಿಳಿಯ ಕಂಬಗಳು ಒಂದೊಂದಾಗಿ ಎದ್ದು, ಅವುಗಳ ನೆತ್ತಿಗೆ ಕೆಂಪೇರಿ, ನೀರಿನಲ್ಲೂ ಏರುತ್ತಿದ್ದವು.

ಆಗ ಅವರ ಕೈಯಲ್ಲಿದ್ದ ಫೋನು ನಡುಗತೊಡಗಿತು. ಮಗುಚಿ ಹಿಡಿದಿದ್ದರು; ಅಂಚಿನಿಂದಷ್ಟೇ ಬೆಳಕು ಸೋರುತ್ತಿತ್ತು. ಈ ಹೊತ್ತಿನಲ್ಲಿ ಬರಬಹುದಾದ ಫೋನು ಒಂದೇ ಎಂದು ಇಬ್ಬರಿಗೂ ಗೊತ್ತಿತ್ತು.

"ಅಟ್ಲಾಂಟಾದಿಂದ ಬಾಸ್ ಇರ್ಬೇಕು ಮೇಡಂ. ಎತ್ತಲ್ವಾ?"

ಅವರು ಆಕಾಶದಿಂದ ಕಣ್ಣು ಕೀಳಲಿಲ್ಲ. ಫೋನನ್ನು ಹಾಗೇ ಮಗುಚಿಕೊಂಡು ಹೊಟ್ಟೆಗೆ ಒತ್ತಿಹಿಡಿದರು.

"ಬೇಡ ಕಣೋ. ಬೆಳಕಾಗತ್ತೆ."